ನಾಗಸೇನನ ರಥ, ಹ್ಯೂಮನ 'ನಾನು' ಮತ್ತು ಟಿಬೆಟ್ಟಿಗೆ ಹೋದ ಪಾದ್ರಿ

"ಪಶ್ಚಿಮದವರು ಹೊರಗೆ ಹುಡುಕಿದರು, ನಾವು ಒಳಗೆ ಹುಡುಕಿದೆವು" ಅನ್ನೋ ಮಾತನ್ನು ನೀವೂ ಕೇಳಿರುತ್ತೀರಿ. ಉಪನ್ಯಾಸಗಳಲ್ಲಿ, ಫಾರ್ವರ್ಡ್ ಮೇಲ್‌ಗಳಲ್ಲಿ, ಈಗ ವಾಟ್ಸಾಪಿನಲ್ಲಿ, ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಕೂಡ ಆಗಾಗ ಬರುತ್ತೆ ಇದು. ಅವರಿಗೆ ದೇಹ, ನಮಗೆ ಆತ್ಮ. ಅವರಿಗೆ ವಿಜ್ಞಾನ, ನಮಗೆ ವೇದಾಂತ. ಕೇಳೋಕೆ ಚೆನ್ನಾಗಿದೆ. ಆದರೆ 'ನಾನು ಅನ್ನೋದು ಒಂದು ಇದೆಯಾ?' ಅನ್ನೋ ಒಂದೇ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ಹಿಂದೆ ಹಿಂದೆ ಹೋದರೆ ಈ ಗೆರೆ ಎಲ್ಲೂ ನಿಲ್ಲೋದಿಲ್ಲ. ಆತ್ಮ ಇಲ್ಲ ಅಂತ ಹಟ ಹಿಡಿದವರು ನಮ್ಮಲ್ಲೇ ಇದ್ದರು, ಇದೆ ಅಂತ ಹಟ ಹಿಡಿದವರು ಅವರಲ್ಲೂ ಇದ್ದರು. ಅಷ್ಟೇ ಅಲ್ಲ, ಈ ಎರಡು ಕಡೆಯವರು ಕೆಲವು ಸಲ ವಿಚಿತ್ರವಾದ ಜಾಗಗಳಲ್ಲಿ ಒಬ್ಬರ ಹತ್ತಿರಕ್ಕೊಬ್ಬರು ಬಂದಿದ್ದರು. ಅಂಥದೊಂದು ಜಾಗದ ಕಥೆ ಇದು.

ಫ್ರಾನ್ಸಿನ ಪಶ್ಚಿಮ ಭಾಗದಲ್ಲಿ ಲಾ ಫ್ಲೆಷ್ ಅಂತ ಒಂದು ಸಣ್ಣ ಊರಿದೆ. 1603ರಲ್ಲಿ ರಾಜ ನಾಲ್ಕನೇ ಹೆನ್ರಿ ಅಲ್ಲಿದ್ದ ತನ್ನ ಮನೆತನದ ಅರಮನೆಯನ್ನು ಜೆಸ್ಯೂಟ್ ಪಾದ್ರಿಗಳಿಗೆ ಕೊಟ್ಟು ಕಾಲೇಜು ಶುರು ಮಾಡಿಸಿದ. ಅದರ ಮೊದಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬ ರೆನೆ ಡೆಕಾರ್ಟ್. ಇಂಜಿನಿಯರಿಂಗ್ ಓದಿದ ನಮ್ಮಂಥವರಿಗೆ ಈತ ಎಕ್ಸ್-ವೈ ಅಕ್ಷಗಳಿಂದಾಗಿ ಹಳೇ ಪರಿಚಯ :). 1637ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈತ ಮಾಡಿದ ಕೆಲಸ ಸರಳ. ಕಣ್ಣಿಗೆ ಕಾಣೋದು ಸುಳ್ಳಿರಬಹುದು, ಎಚ್ಚರ ಅಂದುಕೊಂಡಿರೋದು ಕನಸಿರಬಹುದು, ಎಲ್ಲವನ್ನೂ ಸಂಶಯ ಪಡೋಣ. ಆದರೆ ಸಂಶಯ ಪಡುತ್ತಿರುವವನೊಬ್ಬ ಇದ್ದಾನಲ್ಲ, ಅವನನ್ನು ಸಂಶಯ ಪಡೋಕೆ ಆಗೋದಿಲ್ಲ. ಯೋಚಿಸುತ್ತಿದ್ದೇನೆ, ಹಾಗಾಗಿ ಇದ್ದೇನೆ. ಆಧುನಿಕ ಪಾಶ್ಚಾತ್ಯ ತತ್ವಶಾಸ್ತ್ರ ಈ 'ನಾನು' ಎಂಬ ಅಡಿಗಲ್ಲಿನ ಮೇಲೆ ನಿಂತಿದೆ ಅಂತ ಸಾಮಾನ್ಯವಾಗಿ ಪಾಠ ಮಾಡುತ್ತಾರೆ.

ಇದನ್ನು ಮೊದಲು ಓದಿದಾಗ "ಅರೆ, ಶಂಕರರೂ ಇದನ್ನೇ ಹೇಳಿದ್ದರಲ್ಲ" ಅನಿಸುತ್ತೆ. ಬ್ರಹ್ಮಸೂತ್ರ ಭಾಷ್ಯದ ಆರಂಭದಲ್ಲೇ ಶಂಕರರು 'ನಾನಿಲ್ಲ' ಅಂತ ಯಾರಿಗೂ ಅನಿಸೋದಿಲ್ಲ ಅನ್ನೋ ಅರ್ಥದ ಮಾತು ಬರೆದಿದ್ದಾರೆ. ಆದರೆ ಸ್ವಲ್ಪ ನಿಧಾನ ಮಾಡಿ ನೋಡಿದರೆ ಇಬ್ಬರೂ ಕತ್ತಿ ಇಟ್ಟಿರೋ ಜಾಗ ಬೇರೆ. ಡೆಕಾರ್ಟ್ ಕತ್ತರಿಸಿದ್ದು ಮನಸ್ಸು ಮತ್ತು ದೇಹದ ನಡುವೆ. ಯೋಚನೆ, ಬಯಕೆ, ಸಂಶಯ ಎಲ್ಲ 'ನಾನು' ಕಡೆಗೆ, ಮಾಂಸ-ಮೂಳೆ ಆ ಕಡೆಗೆ. ನಮ್ಮ ಸಾಂಖ್ಯರು, ಅವರ ಹಿಂದೆ ವೇದಾಂತಿಗಳು, ಕತ್ತರಿಸಿದ್ದು ನೋಡುವವನು ಮತ್ತು ನೋಡಲ್ಪಡುವುದರ ನಡುವೆ. ಅವರ ಲೆಕ್ಕದಲ್ಲಿ ಮನಸ್ಸು, ಬುದ್ಧಿ, ಅಹಂಕಾರ ಕೂಡ ದೇಹದ ಕಡೆಗೇ ಬೀಳುತ್ತೆ. ಅಂದರೆ ಡೆಕಾರ್ಟ್ 'ನಾನು' ಅಂತ ಅಪ್ಪಿಕೊಂಡ ವಸ್ತುವನ್ನೇ ಕಪಿಲ ಮುನಿಯ ಶಿಷ್ಯರು ಪ್ರಕೃತಿಯ ಕಸದಬುಟ್ಟಿಗೆ ಹಾಕುತ್ತಿದ್ದರು. ಹೆಸರು ಒಂದೇ, ಮಾಲು ಬೇರೆ. ತೌಲನಿಕ ಲೇಖನಗಳಲ್ಲಿ ಈ ತೊಂದರೆ ಬಹಳ. 'ಸೋಲ್' ಅಂದರೆ ಆತ್ಮ ಅಂತ ಅನುವಾದ ಮಾಡಿ ಮುಂದೆ ಹೋಗಿಬಿಡುತ್ತಾರೆ.

ಡೆಕಾರ್ಟ್ ಕಾಲೇಜು ಬಿಟ್ಟು ನೂರಿಪ್ಪತ್ತು ವರ್ಷ ಆದ ಮೇಲೆ, 1735ರಲ್ಲಿ, ಅದೇ ಲಾ ಫ್ಲೆಷ್‌ಗೆ ಸ್ಕಾಟ್ಲೆಂಡಿನ ಒಬ್ಬ ಹುಡುಗ ಬಂದ. ವಯಸ್ಸು 24. ಡೇವಿಡ್ ಹ್ಯೂಮ್. ಕಾನೂನು ಓದು ಅಂದರೆ ಓದಲಿಲ್ಲ. ತತ್ವಶಾಸ್ತ್ರ ಓದಿ ಓದಿ ತಲೆ ಕೆಟ್ಟು, ನಿದ್ದೆ-ಉತ್ಸಾಹ ಎಲ್ಲ ಹೋಗಿ, 1734ರಲ್ಲಿ ಒಬ್ಬ ವೈದ್ಯರಿಗೆ ತನ್ನ ಕಾಯಿಲೆ ವಿವರಿಸಿ ಉದ್ದದ ಪತ್ರ ಬರೆದಿದ್ದ. ಬ್ರಿಸ್ಟಲ್‌ನಲ್ಲಿ ವ್ಯಾಪಾರಿಯೊಬ್ಬನ ಬಳಿ ಗುಮಾಸ್ತಗಿರಿ ಮಾಡಲು ಹೋಗಿ ಕೆಲವೇ ತಿಂಗಳಲ್ಲಿ ಬಿಟ್ಟ. ಕೈಯಲ್ಲಿದ್ದ ಕಡಿಮೆ ದುಡ್ಡಿಗೆ ಬದುಕಬಹುದಾದ ಊರು ಬೇಕಿತ್ತು. ಫ್ರಾನ್ಸಿಗೆ ಬಂದು, ಮೊದಲು ರಾಂಸ್ ಪಟ್ಟಣದಲ್ಲಿದ್ದು, ಆಮೇಲೆ ಇಲ್ಲಿ ಎರಡು ವರ್ಷ ಕೂತು ಒಂದು ದೊಡ್ಡ ಪುಸ್ತಕ ಬರೆದ. ಮಾನವ ಸ್ವಭಾವದ ಬಗೆಗಿನ ಆ ಗ್ರಂಥ 1739ರಲ್ಲಿ ಲಂಡನ್ನಿನಲ್ಲಿ ಲೇಖಕನ ಹೆಸರಿಲ್ಲದೆ ಬಂತು. ಯಾರೂ ಕೇಳಲಿಲ್ಲ. ಹುಟ್ಟುವಾಗಲೇ ಸತ್ತ ಕೂಸು ಅನ್ನೋ ಅರ್ಥದಲ್ಲಿ ಅವನೇ ಆಮೇಲೆ ಬರೆದುಕೊಂಡ.

ಆ ಪುಸ್ತಕದಲ್ಲಿ ಅವನು ಮಾಡಿದ್ದು ಡೆಕಾರ್ಟ್‌ನ ಅಡಿಗಲ್ಲನ್ನು ಎತ್ತಿ ನೋಡುವ ಕೆಲಸ. ನನ್ನೊಳಗೆ ನಾನು ಹೊಕ್ಕು ನೋಡಿದಾಗಲೆಲ್ಲ ಬಿಸಿಯೋ ತಂಪೋ, ಬೆಳಕೋ ನೆರಳೋ, ಪ್ರೀತಿಯೋ ಸಿಟ್ಟೋ, ಏನಾದರೊಂದು ಸಿಗುತ್ತೆ. ಇವುಗಳನ್ನೆಲ್ಲ ಇಟ್ಟುಕೊಂಡಿರುವ 'ನಾನು' ಮಾತ್ರ ಯಾವತ್ತೂ ಕೈಗೆ ಸಿಗೋದಿಲ್ಲ. ಹಾಗಾಗಿ ಮನುಷ್ಯ ಅಂದರೆ ಭಯಂಕರ ವೇಗದಲ್ಲಿ ಒಂದರ ಹಿಂದೊಂದು ಬರುವ ಅನುಭವಗಳ ಕಟ್ಟು, ಅಷ್ಟೇ. ಮನಸ್ಸು ಒಂದು ನಾಟಕಶಾಲೆ ಇದ್ದ ಹಾಗೆ ಅಂತಾನೆ, ತಕ್ಷಣ ಎಚ್ಚರಿಕೆ ಕೊಡುತ್ತಾನೆ: ಪಾತ್ರಗಳು ಮಾತ್ರ ಇವೆ, ರಂಗಮಂಟಪ ಅಂತ ಬೇರೆ ಇದೆ ಅಂದುಕೊಳ್ಳಬೇಡಿ. ಹಳೇ ಇಟ್ಟಿಗೆ ಚರ್ಚು ಬಿದ್ದು ಹೋಗಿ ಅದೇ ಜಾಗದಲ್ಲಿ ಕಲ್ಲಿನದು ಕಟ್ಟಿದರೂ ಊರವರು 'ಅದೇ ಚರ್ಚು' ಅನ್ನುವುದಿಲ್ಲವೇ, ನಮ್ಮ 'ಅದೇ ನಾನು' ಕೂಡ ಹಾಗೇ ಅನ್ನುತ್ತಾನೆ. (ನಾನು ಕೆಲಸ ಮಾಡುವ ಸಾಫ್ಟ್‌ವೇರ್ ಒಂದಿದೆ, ಹದಿನೈದು ವರ್ಷ ಹಳೆಯದು. ಮೊದಲು ಬರೆದ ಸಾಲುಗಳಲ್ಲಿ ಈಗ ಒಂದೂ ಉಳಿದಿಲ್ಲ. ಆದರೂ ಎಲ್ಲರೂ ಅದೇ ಹೆಸರಿನಿಂದ ಕರೆದು ಅದೇ ಹೆಸರಿನಿಂದ ಬೈಯುತ್ತಾರೆ.)

ಬೌದ್ಧ ಸಾಹಿತ್ಯದ ಪರಿಚಯ ಇರುವವರಿಗೆ ಇಷ್ಟು ಹೊತ್ತಿಗೆ ನಾಗಸೇನ ನೆನಪಾಗಿರಬೇಕು.

ಕ್ರಿ.ಪೂ. 2ನೇ ಶತಮಾನದಲ್ಲಿ ಪಂಜಾಬಿನ ಕಡೆ ಆಳುತ್ತಿದ್ದ ಗ್ರೀಕ್ ದೊರೆ ಮಿನಾಂಡರ್. ಅವನ ನಾಣ್ಯಗಳ ಒಂದು ಬದಿಗೆ ಗ್ರೀಕ್, ಇನ್ನೊಂದು ಬದಿಗೆ ಖರೋಷ್ಠಿ ಲಿಪಿ. ಪಾಲಿ ಭಾಷೆಯಲ್ಲಿ ಅವನು ಮಿಲಿಂದ. ಸಾಗಲ ಅವನ ರಾಜಧಾನಿ, ಈಗಿನ ಸಿಯಾಲ್‌ಕೋಟ್ ಅಂತ ಗುರುತಿಸುತ್ತಾರೆ. ವಾದದಲ್ಲಿ ಎಲ್ಲರನ್ನೂ ಸೋಲಿಸಿ ಬೇಜಾರಾಗಿದ್ದ ಈ ರಾಜ ನಾಗಸೇನ ಎಂಬ ಭಿಕ್ಷುವಿನ ಜೊತೆ ನಡೆಸಿದ ಸಂವಾದವೇ ಮಿಲಿಂದಪಞ್ಹ. ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ನಾಗಸೇನ ಮೊದಲೇ ಹಾಕುವ ಷರತ್ತು. ಪಂಡಿತರ ಹಾಗೆ ಚರ್ಚೆ ಮಾಡುವುದಾದರೆ ಸರಿ, ರಾಜರ ಹಾಗೆ ಮಾಡುವುದಾದರೆ ನಾನಿಲ್ಲ ಅನ್ನುತ್ತಾನೆ. ಪಂಡಿತರು ಸೋತರೆ ಸಿಟ್ಟಾಗೋದಿಲ್ಲ, ರಾಜರು ಒಪ್ಪದವರಿಗೆ ಶಿಕ್ಷೆ ಕೊಡುತ್ತಾರೆ ಅಂತ ವಿವರಣೆ ಬೇರೆ! ಆಫೀಸ್ ಮೀಟಿಂಗುಗಳಲ್ಲಿ ಇದನ್ನು ಗೋಡೆಗೆ ಅಂಟಿಸಬೇಕು ಅಂತ ಎಷ್ಟೋ ಸಲ ಅನಿಸಿದೆ.

ರಾಜ ಹೆಸರು ಕೇಳುತ್ತಾನೆ. ನಾಗಸೇನ ಅಂತಾರೆ, ಆದರೆ ಅದು ಬರೀ ಹೆಸರು, ಆ ಹೆಸರಿನ ವ್ಯಕ್ತಿ ಅಂತ ಒಳಗೆ ಯಾರೂ ಇಲ್ಲ ಅನ್ನುತ್ತಾನೆ ಭಿಕ್ಷು. ರಾಜನಿಗೆ ತಮಾಷೆ ಅನಿಸುತ್ತೆ. ಹಾಗಾದರೆ ಉಣ್ಣುವವನು ಯಾರು, ಧ್ಯಾನ ಮಾಡುವವನು ಯಾರು? ಕೂದಲು ನಾಗಸೇನನಾ? ಉಗುರು? ಹಲ್ಲು? ವೇದನೆ? ಸಂಜ್ಞೆ? ವಿಜ್ಞಾನ? ಎಲ್ಲ ಸೇರಿದ್ದಾ? ಎಲ್ಲ ಬಿಟ್ಟದ್ದಾ? ಎಲ್ಲಕ್ಕೂ ಅಲ್ಲ ಅಲ್ಲ ಅಂತ ಉತ್ತರ. ಸುಳ್ಳು ಹೇಳುತ್ತಿದ್ದೀಯ ಅಂತಾನೆ ರಾಜ. ಆಗ ನಾಗಸೇನ ಕೇಳುತ್ತಾನೆ: ಇಷ್ಟು ಬಿಸಿಲಲ್ಲಿ ನಡೆದು ಬಂದೆಯಾ, ಹೇಗೆ ಬಂದೆ? ರಥದಲ್ಲಿ. ಸರಿ, ರಥ ಯಾವುದು ತೋರಿಸು. ಅಚ್ಚು ರಥವಾ? ಗಾಲಿ ರಥವಾ? ನೊಗ? ಹಗ್ಗ? ರಾಜ ತನ್ನ ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತಾನೆ.

ಎರಡು ಸಾವಿರ ವರ್ಷಗಳ ಅಂತರದಲ್ಲಿ ಇಬ್ಬರು ಒಂದೇ ಮಾತು ಆಡಿದ್ದಾರೆ. ಕಾಕತಾಳೀಯ ಅಂತ ಬಿಟ್ಟುಬಿಡಬಹುದಿತ್ತು. 2009ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞೆ ಆಲಿಸನ್ ಗೋಪ್ನಿಕ್ ಒಂದು ಪ್ರಬಂಧದಲ್ಲಿ ಕೇಳಿದರು: ಹ್ಯೂಮನಿಗೆ ಬೌದ್ಧಧರ್ಮದ ಬಗ್ಗೆ ಗೊತ್ತಿದ್ದಿರಬಹುದೇ? ಆ ಕಾಲದ ಯೂರೋಪಿಗೆ ಬೌದ್ಧ ತತ್ವದ ಬಗ್ಗೆ ಹೆಚ್ಚೇನೂ ಗೊತ್ತಿರಲಿಲ್ಲ. ಆದರೆ ಗೊತ್ತಿದ್ದ ಬೆರಳೆಣಿಕೆಯ ಜನರಲ್ಲಿ ಕೆಲವರು ಜೆಸ್ಯೂಟರು, ಅವರ ದಾರಿ ಲಾ ಫ್ಲೆಷ್ ಮೂಲಕ ಹಾದುಹೋಗಿತ್ತು.

ಇಲ್ಲಿ ನಮ್ಮ ಪಾದ್ರಿ ಬರುತ್ತಾನೆ. ಇಪ್ಪೊಲಿತೊ ದೆಸಿದೇರಿ, ಇಟಲಿಯ ಪಿಸ್ತೋಯಾದಲ್ಲಿ 1684ರಲ್ಲಿ ಹುಟ್ಟಿದವನು. 1712ರಲ್ಲಿ ರೋಮ್ ಬಿಟ್ಟು, ಮರುವರ್ಷ ಗೋವಾ ಮುಟ್ಟಿ, ಸೂರತ್, ದಿಲ್ಲಿ, ಶ್ರೀನಗರ, ಲೇಹ್ ದಾಟಿ, ಮಾನೊಯೆಲ್ ಫ್ರೇಯ್ರೆ ಎಂಬ ಇನ್ನೊಬ್ಬ ಪಾದ್ರಿಯ ಜೊತೆ 1716ರ ಮಾರ್ಚಿನಲ್ಲಿ ಲ್ಹಾಸಾ ತಲುಪಿದ. ಫ್ರೇಯ್ರೆ ಬೇಗನೆ ಭಾರತಕ್ಕೆ ವಾಪಸ್ ಹೊರಟ. ದೆಸಿದೇರಿ ಒಬ್ಬನೇ ಉಳಿದ. ಅಲ್ಲಿ ಆಳುತ್ತಿದ್ದ ಮಂಗೋಲ್ ದೊರೆ ಲ್ಹಾಜಂಗ್ ಖಾನ್. ದೆಸಿದೇರಿ ಟಿಬೆಟನ್ ಕಲಿತು, ಒಂದೇ ವರ್ಷದೊಳಗೆ ಅದೇ ಭಾಷೆಯಲ್ಲಿ ಕ್ರೈಸ್ತಧರ್ಮದ ಬಗ್ಗೆ ಗ್ರಂಥ ಬರೆದು 1717ರ ಜನವರಿಯಲ್ಲಿ ಖಾನನಿಗೆ ಒಪ್ಪಿಸಿದ. ಖಾನ್ ಅದನ್ನು ನೋಡಿ ಹೇಳಿದ್ದರ ಸಾರಾಂಶ: ಚೆನ್ನಾಗಿದೆ, ಆದರೆ ನೀನು ಮೊದಲು ನಮ್ಮ ಶಾಸ್ತ್ರ ಓದು, ಆಮೇಲೆ ಲಾಮಾಗಳ ಜೊತೆ ವಾದ ಮಾಡು. ಹೀಗೆ ಕ್ಯಾಥೊಲಿಕ್ ಪಾದ್ರಿಯೊಬ್ಬ ಲ್ಹಾಸಾದ ಸೆರಾ ಮಠ ಸೇರಿ, ಬೌದ್ಧ ಭಿಕ್ಷುಗಳ ನಡುವೆ ಕೂತು ಶೂನ್ಯತಾವಾದ ಓದಿದ. ಅದೇ ವರ್ಷದ ಕೊನೆಗೆ ಜುಂಗಾರ್ ಸೈನ್ಯ ನುಗ್ಗಿ ಲ್ಹಾಜಂಗ್ ಖಾನನನ್ನು ಕೊಂದು ಹಾಕಿತು. ದೆಸಿದೇರಿ ಲ್ಹಾಸಾ ಬಿಟ್ಟು ದಕ್ಪೋ ಪ್ರಾಂತ್ಯಕ್ಕೆ ಹೋಗಿ ಅಲ್ಲಿ ಬರವಣಿಗೆ ಮುಂದುವರಿಸಿದ.

ಸೆರಾ ಮಠ ಅಂದಾಗ ನಿಮಗೆ ಬೈಲಕುಪ್ಪೆ ನೆನಪಾಗಬಹುದು. ಅದೇ ಸೆರಾ. ಟಿಬೆಟ್ ಚೀನಾದ ಕೈಗೆ ಹೋಗಿ ಭಿಕ್ಷುಗಳು ಭಾರತಕ್ಕೆ ಬಂದ ಮೇಲೆ 1970ರಲ್ಲಿ ಅದು ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಮತ್ತೆ ಶುರುವಾಯಿತು. ವೀಕೆಂಡಿಗೆ ಕೊಡಗಿಗೆ ಹೋಗುವ ನಾವೆಲ್ಲ ಪಕ್ಕದ ನಾಮ್‌ಡ್ರೋಲಿಂಗ್‌ನ ಚಿನ್ನದ ಬುದ್ಧನ ಮುಂದೆ ಫೋಟೋ ತೆಗೆಸಿಕೊಂಡು ಮೋಮೋ ತಿಂದು ಹೊರಡುತ್ತೇವೆ. ಸೆರಾ ಕಡೆ ಹೋಗೋರು ಕಡಿಮೆ. ಒಮ್ಮೆ ಅಲ್ಲಿ ಭಿಕ್ಷುಗಳು ವಾದ ಮಾಡೋದನ್ನು ನೋಡಿದ್ದೆ. ಉತ್ತರ ಹೇಳುವವನು ನೆಲದ ಮೇಲೆ ಕೂತಿರುತ್ತಾನೆ, ಪ್ರಶ್ನೆ ಕೇಳುವವನು ನಿಂತು, ಕಾಲು ಮುಂದಿಟ್ಟು, ಚಟಾರ್ ಅಂತ ಚಪ್ಪಾಳೆ ಹೊಡೆದು ಪ್ರಶ್ನೆ ಎಸೆಯುತ್ತಾನೆ. ಒಂದಕ್ಷರ ಅರ್ಥವಾಗಲಿಲ್ಲ. ಆದರೆ 1717ರಲ್ಲಿ ಒಬ್ಬ ಇಟಾಲಿಯನ್ ಇದರ ನಡುವೆ ಕೂತಿದ್ದ ಅಂತ ಆಗ ಗೊತ್ತಿದ್ದರೆ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ.

ದೆಸಿದೇರಿಗೆ ಶೂನ್ಯತೆ ಅರ್ಥವಾಯಿತು. ಯಾವ ವಸ್ತುವೂ ತನ್ನಷ್ಟಕ್ಕೆ ತಾನೇ ಇಲ್ಲ, ಎಲ್ಲವೂ ಇನ್ನೊಂದನ್ನು ಆಧರಿಸಿಯೇ ಇದೆ ಅಂತ ಒಪ್ಪಿದರೆ ತನ್ನಷ್ಟಕ್ಕೆ ತಾನಿರುವ ದೇವರಿಗೂ ಜಾಗ ಇರೋದಿಲ್ಲ ಅನ್ನೋದು ಅವನಿಗೆ ಸ್ಪಷ್ಟವಾಗಿ ಕಂಡಿತು. ಅದಕ್ಕೇ ಪುನರ್ಜನ್ಮ ಮತ್ತು ಶೂನ್ಯತೆ ಎರಡನ್ನೂ ಖಂಡಿಸಲು ಟಿಬೆಟನ್‌ನಲ್ಲೇ ನೂರಾರು ಪುಟ ಬರೆದ. ದೇವರನ್ನು ಒಪ್ಪದ ಈ ಜನ ಇಷ್ಟು ಸಜ್ಜನರಾಗಿ ಬದುಕುತ್ತಿರುವುದು ಹೇಗೆ ಅನ್ನೋದು ಅವನಿಗೆ ಆಶ್ಚರ್ಯದ ವಿಷಯವಾಗಿತ್ತು, ಅದನ್ನು ಮುಚ್ಚಿಡದೆ ಬರೆದ. ಖಂಡಿಸಲು ಕೂತವನೇ ಆ ಕಾಲದ ಯೂರೋಪಿಯನ್ನರಲ್ಲಿ ಬೌದ್ಧ ತತ್ವವನ್ನು ಅತ್ಯಂತ ಚೆನ್ನಾಗಿ ತಿಳಿದುಕೊಂಡಿದ್ದ ಅಂತ ನನಗನಿಸುತ್ತೆ.

ಆಮೇಲಿನದು ಬರೀ ಆಫೀಸ್ ರಾಜಕೀಯ. ಟಿಬೆಟ್ ಯಾರಿಗೆ ಸೇರಬೇಕು ಅಂತ ಜೆಸ್ಯೂಟರಿಗೂ ಕಪುಚಿನ್ ಪಾದ್ರಿಗಳಿಗೂ ಜಗಳ. ರೋಮ್ ಕಪುಚಿನ್ನರ ಕಡೆ ನಿಂತಿತು. 1721ರಲ್ಲಿ ದೆಸಿದೇರಿ ಟಿಬೆಟ್ ಬಿಡಬೇಕಾಯಿತು. ಕೆಲವು ವರ್ಷ ಭಾರತದಲ್ಲಿದ್ದ, ಕೊನೆಗೆ ಪಾಂಡಿಚೇರಿ ಕಡೆಯ ಕರ್ನಾಟಿಕ್ ಮಿಷನ್‌ನಲ್ಲಿ. (ಹೆಸರು ನೋಡಿ ಖುಷಿಪಡಬೇಡಿ, ಅದು ಈಗಿನ ತಮಿಳುನಾಡು-ಆಂಧ್ರದ ಕಡೆ.) 1727ರಲ್ಲಿ ಅಲ್ಲಿಂದ ಹಡಗು ಹತ್ತಿ ಫ್ರಾನ್ಸಿನಲ್ಲಿ ಇಳಿದು ರೋಮಿಗೆ ಹೋಗುವ ದಾರಿಯಲ್ಲಿ ಲಾ ಫ್ಲೆಷ್‌ಗೆ ಭೇಟಿ ಕೊಟ್ಟ. ಟಿಬೆಟ್ ಬಗ್ಗೆ ಅವನು ಬರೆದ ದೊಡ್ಡ ಪುಸ್ತಕವನ್ನು ಅಚ್ಚು ಹಾಕಿಸದಂತೆ 1732ರಲ್ಲಿ ಆಜ್ಞೆ ಆಯಿತು. ಮರುವರ್ಷ ಸತ್ತ. ಹಸ್ತಪ್ರತಿ ಮತ್ತೆ ಬೆಳಕಿಗೆ ಬಂದದ್ದು 1875ರಲ್ಲಿ.

ಹಾಗಾದರೆ ಹ್ಯೂಮ್ ಅದನ್ನು ಓದಿರೋಕೆ ಸಾಧ್ಯವಿಲ್ಲ. ಹ್ಯೂಮ್ ಬಂದಾಗ ದೆಸಿದೇರಿ ಬದುಕಿರಲೂ ಇಲ್ಲ. ಆದರೆ ಗೋಪ್ನಿಕ್ ಇನ್ನೊಬ್ಬನನ್ನು ಹುಡುಕಿ ತೆಗೆದರು. ಶಾರ್ಲ್ ಫ್ರಾನ್ಸ್ವಾ ಡೋಲು ಅಂತ ಒಬ್ಬ ಮುದುಕ ಪಾದ್ರಿ. 1687ರಲ್ಲಿ ಫ್ರೆಂಚ್ ರಾಜನ ನಿಯೋಗದ ಜೊತೆ ಸಿಯಾಮ್‌ಗೆ, ಅಂದರೆ ಈಗಿನ ಥಾಯ್ಲೆಂಡಿಗೆ, ಹೋಗಿದ್ದವನು. ಅಲ್ಲಿ ದಂಗೆಯಾದ ಮೇಲೆ ಪಾಂಡಿಚೇರಿಯಲ್ಲಿ ಬಹಳ ವರ್ಷ ಇದ್ದವನು. ಕೊನೆಗಾಲದಲ್ಲಿ ಲಾ ಫ್ಲೆಷ್‌ನಲ್ಲೇ ಇದ್ದು 1740ರಲ್ಲಿ ತೀರಿಕೊಂಡ. ದೆಸಿದೇರಿ ಬಂದಾಗಲೂ ಇದ್ದ, ಹ್ಯೂಮ್ ಇದ್ದಾಗಲೂ ಇದ್ದ. ಹ್ಯೂಮ್ ಆ ಪಾದ್ರಿಗಳ ಜೊತೆ ಮಾತಾಡುತ್ತಿದ್ದ ಅನ್ನೋದಕ್ಕೆ ಅವನದೇ ಸಾಕ್ಷಿ ಇದೆ: ಪವಾಡಗಳ ವಿರುದ್ಧದ ತನ್ನ ಪ್ರಸಿದ್ಧ ವಾದ ಹೊಳೆದದ್ದು ಆ ಕಾಲೇಜಿನ ಪಡಸಾಲೆಯಲ್ಲಿ ಒಬ್ಬ ಜೆಸ್ಯೂಟನ ಜೊತೆ ಅಡ್ಡಾಡುತ್ತಿದ್ದಾಗ ಅಂತ 1762ರ ಪತ್ರದಲ್ಲಿ ಬರೆದಿದ್ದಾನೆ. ಆ ಜೆಸ್ಯೂಟ್ ಯಾರು ಅಂತ ಹೇಳಿಲ್ಲ.

ಇಷ್ಟರಿಂದ "ಹ್ಯೂಮ್ ನಮ್ಮಿಂದ ಕದ್ದ" ಅಂತ ಫಾರ್ವರ್ಡ್ ಮಾಡೋರು ಇದ್ದಾರೆ. ದಯವಿಟ್ಟು ಬೇಡ. ಗೋಪ್ನಿಕ್ ಅವರೇ ಅಷ್ಟು ದೂರ ಹೋಗಿಲ್ಲ, ಹೀಗೆ ಆಗಿರಬಹುದಾದ ದಾರಿಯೊಂದು ಇತ್ತು ಅಂತ ತೋರಿಸಿದ್ದಾರೆ. ಡೋಲು ಸಿಯಾಮಿನ ಬಗ್ಗೆ ಹ್ಯೂಮನಿಗೆ ಏನಾದರೂ ಹೇಳಿದ ಅನ್ನೋದಕ್ಕೆ ಒಂದು ಚೀಟಿಯೂ ಇಲ್ಲ. ಜಾನ್ ಲಾಕ್, ಬರ್ಕ್ಲಿ ಇವರನ್ನು ಓದಿದ ಬುದ್ಧಿವಂತ ಹುಡುಗ ಒಬ್ಬನೇ ಕೂತು ಯೋಚಿಸಿದರೂ ಅಲ್ಲಿಗೇ ಬಂದು ತಲುಪಬಹುದಿತ್ತು. ನನ್ನ ಮಟ್ಟಿಗೆ ಅದು ಇನ್ನೂ ದೊಡ್ಡ ವಿಷಯ. ಒಂದೇ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಹಿಡಿದು ಹೋದ ಇಬ್ಬರು ಒಂದೇ ಬಾಗಿಲಿಗೆ ಬಂದು ನಿಂತರು.

ಬಾಗಿಲು ಒಂದೇ. ಆದರೆ ಅಲ್ಲಿಂದ ಮುಂದೆ?

ನಾಗಸೇನನಿಗೆ 'ನಾನಿಲ್ಲ' ಅನ್ನೋದು ಔಷಧಿ. ದುಃಖದ ಬೇರು ಅಂಟಿಕೊಳ್ಳುವುದರಲ್ಲಿದೆ, ಅಂಟಿಕೊಳ್ಳಲು ಯಾರೂ ಇಲ್ಲ ಅಂತ ಕಂಡುಕೊಂಡರೆ ಬಿಡುಗಡೆ. ಅದಕ್ಕೆ ವಿಹಾರ, ನಿಯಮ, ಗುರು, ವರ್ಷಗಟ್ಟಲೆ ಅಭ್ಯಾಸ ಎಲ್ಲ ಇದೆ. ಹ್ಯೂಮನಿಗೆ ಅದು ಕಾಯಿಲೆಯ ಹಾಗೆ ಬಂತು. ಮೊದಲ ಸಂಪುಟದ ಕೊನೆಯಲ್ಲಿ ನಾನೆಲ್ಲಿದ್ದೇನೆ, ಏನಾಗಿದ್ದೇನೆ ಅಂತ ದಿಗಿಲುಬಿದ್ದು ಬರೆಯುತ್ತಾನೆ. ಆಮೇಲೆ ಗೆಳೆಯರ ಜೊತೆ ಊಟ ಮಾಡಿ, ಬ್ಯಾಕ್‌ಗ್ಯಾಮನ್ ಆಡಿ (ನಮ್ಮ ಪಗಡೆಯಂಥ ದಾಳದ ಆಟ), ನಕ್ಕು ಮಾತಾಡಿದರೆ ಆ ಭೂತ ಬಿಟ್ಟುಹೋಗುತ್ತೆ ಅಂತಾನೆ. ಒಬ್ಬ ಸತ್ಯವನ್ನು ನೋಡಲು ಕಾಡಿಗೆ ಹೋದ, ಇನ್ನೊಬ್ಬ ಅದನ್ನು ಮರೆಯಲು ಊಟಕ್ಕೆ ಹೋದ.

ಇದು ಬರೀ ಬುದ್ಧಿಯ ಆಟ ಅಲ್ಲ ಅಂತ ನನಗೆ ಅನಿಸಿದ್ದು ಅಜ್ಜಿಯ ಕೊನೆಯ ಮೂರು ವರ್ಷಗಳಲ್ಲಿ. ಮರೆವಿನ ಕಾಯಿಲೆ. ಮೊದಲು ಹೆಸರುಗಳು ಹೋದವು, ಆಮೇಲೆ ಮುಖಗಳು. "ಯಾರ ಮಗನಪ್ಪಾ ನೀನು?" ಅಂತ ನನ್ನನ್ನೇ ಕೇಳೋರು, ನಾನು ಹೇಳಿದರೆ "ಓಹೋ, ಒಳ್ಳೇ ಮನೆತನ" ಅನ್ನೋರು. ಜಾನ್ ಲಾಕ್ 1694ರಲ್ಲಿ ತನ್ನ ಪುಸ್ತಕದ ಎರಡನೇ ಆವೃತ್ತಿಗೆ ಸೇರಿಸಿದ ಅಧ್ಯಾಯವೊಂದರಲ್ಲಿ, ನೆನಪು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಅದೇ ವ್ಯಕ್ತಿ ಅಂತ ವಾದಿಸಿದ್ದ. ಆ ಲೆಕ್ಕದಲ್ಲಿ ಮಂಚದ ಮೇಲೆ ಕೂತಿದ್ದವರು ನಮ್ಮ ಅಜ್ಜಿ ಅಲ್ಲ. ಆದರೆ ಕೈಗೆ ಹತ್ತಿ ಕೊಟ್ಟರೆ ಬೆರಳು ತಾನಾಗಿ ಬತ್ತಿ ಹೊಸೆಯುತ್ತಿತ್ತು. ಅಮ್ಮ ಕೊನೇ ದಿನದವರೆಗೂ ಅಜ್ಜಿಯ ಹಳೇ ಹಿತ್ತಾಳೆ ಲೋಟದಲ್ಲೇ ಕಾಫಿ ಕೊಟ್ಟಳು. "ಅವರಿಗೆ ಗೊತ್ತಾಗಲ್ಲಮ್ಮ, ಯಾವ ಲೋಟ ಆದರೇನು" ಅಂದರೆ "ಸ್ಟೀಲ್ ಲೋಟ ಅವರಿಗೆ ಆಗಲ್ಲ ಕಣೋ" ಅನ್ನೋಳು. ಆ 'ಅವರು' ಯಾರು ಅನ್ನೋದೇ ನನ್ನ ಪ್ರಶ್ನೆಯಾಗಿತ್ತು.

ಮಿಲಿಂದನೂ ಈ ತರಹದ್ದೇ ಪ್ರಶ್ನೆ ಕೇಳಿದ್ದ. ವ್ಯಕ್ತಿ ಇಲ್ಲ ಅಂದಮೇಲೆ ಪಾಪದ ಫಲ ಯಾರಿಗೆ? ನಾಗಸೇನ ಮಾವಿನಹಣ್ಣಿನ ಕಳ್ಳನ ಉದಾಹರಣೆ ಕೊಡುತ್ತಾನೆ. ಒಬ್ಬ ಹಣ್ಣು ಕದ್ದು ಸಿಕ್ಕಿಬಿದ್ದು, "ನೀನು ನೆಟ್ಟ ಮಾವು ಬೇರೆ, ನಾನು ಕಿತ್ತ ಮಾವು ಬೇರೆ" ಅಂದರೆ ರಾಜ ಬಿಡುತ್ತಾನಾ? ಅದಲ್ಲದಿದ್ದರೂ ಅದರಿಂದಲೇ ಬಂದದ್ದು. ರಾತ್ರಿಯಿಡೀ ಉರಿದ ದೀಪ, ಮೊದಲ ಜಾವದ ಜ್ವಾಲೆಯೇ ಕೊನೇ ಜಾವದ್ದು ಅಲ್ಲ, ಬೇರೆ ದೀಪವೂ ಅಲ್ಲ. ಹಾಲು ಮೊಸರಾದ ಹಾಗೆ. ಲಾಕ್‌ನ ಉತ್ತರಕ್ಕಿಂತ ಇದು ನನಗೆ ಹತ್ತಿರ ಅನಿಸಿತು. ಬತ್ತಿ ಹೊಸೆಯುವ ಬೆರಳು ಆ ಜ್ವಾಲೆಯೇ ಇರಬಹುದು.

ಆದರೆ ನಮ್ಮ ನೈಯಾಯಿಕರು ಇಷ್ಟಕ್ಕೆ ಸುಮ್ಮನಾಗುವವರಲ್ಲ. ನ್ಯಾಯಸೂತ್ರದ ಮೂರನೇ ಅಧ್ಯಾಯದ ಮೊದಲ ಸೂತ್ರದಲ್ಲೇ ಆಕ್ಷೇಪ ಇದೆ. ಕಣ್ಣಿನಿಂದ ನೋಡಿದ ವಸ್ತುವನ್ನೇ ಕೈಯಿಂದ ಮುಟ್ಟುತ್ತೇನೆ, 'ನೋಡಿದವನೂ ನಾನೇ, ಮುಟ್ಟುತ್ತಿರುವವನೂ ನಾನೇ' ಅಂತ ತಿಳಿಯುತ್ತೆ. ನೋಟ ಒಂದು ಕ್ಷಣ, ಸ್ಪರ್ಶ ಇನ್ನೊಂದು ಕ್ಷಣ. ಎರಡನ್ನೂ ಒಟ್ಟಿಗೆ ಹಿಡಿದಿರುವವನು ಯಾರು? ಕಟ್ಟು ಅನ್ನುತ್ತೀರಿ, ಕಟ್ಟಿದ ಹಗ್ಗ ಯಾವುದು? 10-11ನೇ ಶತಮಾನದ ಉದಯನ ಈ ಒಂದೇ ವಿಷಯಕ್ಕೆ ಆತ್ಮತತ್ತ್ವವಿವೇಕ ಅಂತ ಇಡೀ ಗ್ರಂಥ ಬರೆದ. ಅದಕ್ಕೆ ಬೌದ್ಧಧಿಕ್ಕಾರ ಅಂತಲೂ ಹೆಸರು! ಅಂದರೆ ಈ ಜಗಳ ಪೂರ್ವ ಪಶ್ಚಿಮದ ನಡುವೆ ನಡೆದದ್ದಕ್ಕಿಂತ ನೂರಾರು ವರ್ಷ ಮೊದಲೇ ನಮ್ಮ ಮನೆಯೊಳಗೇ, ಬಹಳ ಜೋರಾಗಿ ನಡೆದಿತ್ತು.

ಇನ್ನೊಂದು ಹೆಸರು ಹೇಳಬೇಕು. 1984ರಲ್ಲಿ ಇಂಗ್ಲೆಂಡಿನ ಡೆರೆಕ್ ಪಾರ್ಫಿಟ್ ಮತ್ತೆ ಇದೇ ಬಾಗಿಲಿಗೆ ಬಂದ. ಈ ಸಲ ಪತ್ತೇದಾರಿ ಕೆಲಸ ಬೇಕಾಗಿಲ್ಲ, ಪುಸ್ತಕದ ಕೊನೆಗೆ ಬುದ್ಧನ ಅಭಿಪ್ರಾಯ ಅಂತಲೇ ಒಂದು ಅನುಬಂಧ ಸೇರಿಸಿದ್ದಾನೆ. ಹ್ಯೂಮನಿಗೆ ದಿಗಿಲು ಹುಟ್ಟಿಸಿದ ಅದೇ ತೀರ್ಮಾನ ಪಾರ್ಫಿಟ್‌ಗೆ ಸಮಾಧಾನ ತಂದಿತಂತೆ, ತನ್ನ ಸಾವಿನ ಭಯ ಕಡಿಮೆಯಾಯಿತು, ಬೇರೆಯವರು ಹತ್ತಿರವಾದರು ಅಂತ ಬರೆದುಕೊಂಡಿದ್ದಾನೆ. ವಿಹಾರ ಇಲ್ಲ, ಗುರು ಇಲ್ಲ, ಆಕ್ಸ್‌ಫರ್ಡಿನ ಒಂದು ಕೋಣೆ ಅಷ್ಟೇ.

ಹ್ಯೂಮನ ವಿಷಯಕ್ಕೆ ಬಂದರೆ, 1740ರಲ್ಲಿ ಮೂರನೇ ಸಂಪುಟದ ಜೊತೆ ಒಂದು ಅನುಬಂಧ ಬಂತು. ಅದರಲ್ಲಿ 'ನಾನು' ಕುರಿತ ತನ್ನ ಅಧ್ಯಾಯವನ್ನು ಮತ್ತೆ ಓದಿದೆ, ಚಕ್ರವ್ಯೂಹದಲ್ಲಿ ಸಿಕ್ಕಿಕೊಂಡ ಹಾಗಾಗಿದೆ ಅಂತ ಒಪ್ಪಿಕೊಂಡ. ಬಿಡಿಬಿಡಿ ಅನುಭವಗಳನ್ನು ಒಂದೇ ಪ್ರಜ್ಞೆಯಲ್ಲಿ ಕೂಡಿಸುವುದು ಏನು ಅನ್ನೋದಕ್ಕೆ ತನ್ನ ಬಳಿ ಉತ್ತರ ಇಲ್ಲ ಅಂದ. ನೈಯಾಯಿಕರು ಕೇಳಿದ್ದ ಹಗ್ಗದ ಪ್ರಶ್ನೆಯೇ ಅದು. ಅವರ ಹೆಸರನ್ನೂ ಕೇಳಿರದ 29 ವರ್ಷದ ಹುಡುಗ ಒಬ್ಬನೇ ತನ್ನ ಮೇಲೆ ತಾನೇ ಹಾಕಿಕೊಂಡ. 1748ರಲ್ಲಿ ಅದೇ ವಿಚಾರಗಳನ್ನು ಹೊಸದಾಗಿ, ಸುಲಭವಾಗಿ ಬರೆದು ಇನ್ನೊಂದು ಪುಸ್ತಕ ತಂದಾಗ ಕಾರ್ಯಕಾರಣ ಇತ್ತು, ಪವಾಡ ಇತ್ತು, 'ನಾನು' ಕುರಿತ ಅಧ್ಯಾಯ ಮಾತ್ರ ಇರಲಿಲ್ಲ. 1776ರಲ್ಲಿ ಸಾಯುವವರೆಗೂ ಆ ಅಧ್ಯಾಯವನ್ನು ಅವನು ಮತ್ತೆ ಬರೆಯಲಿಲ್ಲ.